ಬೇಲೂರು ನೋಡಿಕೊಂಡು ಅಂಗ್ಕೋರ್‌ಗೆ ಹೊರಡಿ

ಶ್ರೀಲಂಕಾ, ವಿಯೆಟ್ನಾಂ, ಕಾಂಬೋಡಿಯ ಮೂರೂ ನೋಡಿ ಬಂದಿದ್ದೀರಲ್ಲ, ಯಾವುದು ಜಾಸ್ತಿ ಇಷ್ಟವಾಯಿತು ಎಂದು ಹಾಸನದಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ. ಯೋಚನೆಯೇ ಬೇಡ, ಕಾಂಬೋಡಿಯ. ಶ್ರೀಲಂಕಾ ಹತ್ತಿರ, ಊಟವೂ ನಮಗೆ ಹೊಂದುತ್ತದೆ. ವಿಯೆಟ್ನಾಂನಲ್ಲಿ ನೋಡುವುದಕ್ಕೆ ಬೇಕಾದಷ್ಟಿದೆ. ಆದರೆ ಚಿಕ್ಕಂದಿನಿಂದ ಬೇಲೂರು, ಹಳೇಬೀಡು ನೋಡಿಕೊಂಡು ಬೆಳೆದವರಿಗೆ ಅಲ್ಲಿನ ಅಂಗ್ಕೋರ್ ದೇವಸ್ಥಾನಗಳಲ್ಲಿ ಆಗುವ ಸಂತೋಷ ಬೇರೆಲ್ಲೂ ಆಗುವುದಿಲ್ಲ. ಈಗ ಮನೆಯಲ್ಲಿ ಪ್ಲಾನ್ ಹಾಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ವಿಷ್ಣುವರ್ಧನ ಬೇಲೂರಿನ ಚೆನ್ನಕೇಶವ ದೇವಸ್ಥಾನ ಕಟ್ಟಿಸಿದ್ದು 1117ರಲ್ಲಿ. ಅದಕ್ಕೆ ನಾಲ್ಕು ವರ್ಷ ಮುಂಚೆ, 1113ರಲ್ಲಿ, ಎರಡನೇ ಸೂರ್ಯವರ್ಮ ಕಾಂಬೋಡಿಯದ ಪಟ್ಟಕ್ಕೆ ಬಂದ. ಅವನು ಕಟ್ಟಿಸಿದ್ದೇ ಅಂಗ್ಕೋರ್ ವಾಟ್. ಅದೂ ವಿಷ್ಣುವಿಗೇ. ಇಲ್ಲಿ ಯಗಚಿ ದಡದಲ್ಲಿ ಉಳಿ ಸದ್ದು ಕೇಳುತ್ತಿದ್ದ ಕಾಲದಲ್ಲೇ ಸಮುದ್ರದಾಚೆ ಇನ್ನೊಂದು ಊರಿನಲ್ಲಿ ಅದೇ ರಾಮಾಯಣ, ಅದೇ ಮಹಾಭಾರತ ಕಲ್ಲಿಗೆ ಇಳಿಯುತ್ತಿತ್ತು. ಇದು ತಲೆಯಲ್ಲಿದ್ದರೆ ಅಲ್ಲಿ ಒಂದೊಂದು ಗೋಡೆಯ ಮುಂದೆಯೂ ಕಾಲು ನಿಲ್ಲುತ್ತದೆ.

ಅದಕ್ಕೇ ನನ್ನ ಮೊದಲ ಸಲಹೆ: ಹೊರಡುವ ಮುಂಚಿನ ವಾರ ಒಮ್ಮೆ ಬೇಲೂರು, ಹಳೇಬೀಡಿಗೆ ಹೋಗಿ ಬನ್ನಿ. ಗೈಡ್ ಇಟ್ಟುಕೊಂಡು ನಿಧಾನವಾಗಿ ನೋಡಿ. ಹಳೇಬೀಡಿನಲ್ಲಿ ಕೈಲಾಸ ಎತ್ತುತ್ತಿರುವ ರಾವಣನ ಹತ್ತಿರ ಒಂದಷ್ಟು ಹೊತ್ತು ನಿಲ್ಲಿ. ಚಕ್ರವ್ಯೂಹದ ಕೆತ್ತನೆ ಹುಡುಕಿ. ಮಕ್ಕಳು ಜೊತೆಗಿದ್ದರೆ ಫೋಟೊ ಅವರೇ ತೆಗೆಯಲಿ. ಅಲ್ಲಿ ಹೋಗಿ ಪಕ್ಕಪಕ್ಕ ಇಟ್ಟು ನೋಡಲು ಬೇಕಾಗುತ್ತದೆ.

ಇನ್ನು ಕಾಗದಪತ್ರದ ವಿಷಯ. ಪಾಸ್‌ಪೋರ್ಟ್‌ಗೆ ಬೆಂಗಳೂರಿಗೆ ಓಡಾಡಬೇಕಿಲ್ಲ, ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ ಹಾಸನದಲ್ಲೇ ಇದೆ. ಹಳೆಯ ಪಾಸ್‌ಪೋರ್ಟ್ ಇದ್ದರೆ ಅವಧಿ ಇನ್ನೂ ಆರು ತಿಂಗಳಾದರೂ ಬಾಕಿ ಇರಬೇಕು. ಕಾಂಬೋಡಿಯದ ಪ್ರವಾಸಿ ವೀಸಾ ದರ 30 ಡಾಲರ್. ಇ-ವೀಸಾ ಮಾಡಿಸಿದರೆ ಅದರ ಮೇಲೆ ಸ್ವಲ್ಪ ಶುಲ್ಕ ಸೇರಬಹುದು. ಇದಲ್ಲದೆ ಇ-ಅರೈವಲ್ ಎಂಬ ಫಾರಂ ಇದೆ. ಪ್ರಯಾಣಕ್ಕೆ ಏಳು ದಿನ ಇರುವಾಗಿನಿಂದ ಆನ್‌ಲೈನಿನಲ್ಲಿ ತುಂಬಬಹುದು, ಅದಕ್ಕೆ ದುಡ್ಡಿಲ್ಲ. ಸರ್ಕಾರದ್ದೇ ಎಂಬಂತೆ ಕಾಣುವ ಖಾಸಗಿ ವೆಬ್‌ಸೈಟ್‌ಗಳು ಇದಕ್ಕೂ ಹಣ ಕೇಳುತ್ತವೆ, ಹುಷಾರು.

ಬೆಂಗಳೂರಿನಿಂದ ಹೋಗುವವರು ಸಾಮಾನ್ಯವಾಗಿ ಬ್ಯಾಂಕಾಕ್, ಸಿಂಗಪುರ ಅಥವಾ ಕೌಲಾಲಂಪುರದಲ್ಲಿ ವಿಮಾನ ಬದಲಾಯಿಸಿ ಅಂಗ್ಕೋರ್ ಪಕ್ಕದ ಊರಾದ ಸಿಯೆಮ್ ರೀಪ್ ತಲುಪುತ್ತಾರೆ. ಎರಡೂ ವಿಮಾನ ಒಂದೇ ಟಿಕೆಟಿನಲ್ಲಿ ಇರುವಂತೆ ನೋಡಿಕೊಳ್ಳಿ. ಆಗ ಲಗೇಜು ಅವರೇ ಮುಂದಕ್ಕೆ ಕಳಿಸುತ್ತಾರೆ, ಮೊದಲ ವಿಮಾನ ತಡವಾದರೂ ನಿಮ್ಮ ಜವಾಬ್ದಾರಿ ಇರುವುದಿಲ್ಲ. ಬ್ಯಾಂಕಾಕ್ ನೋಡಿಕೊಂಡು ಬಸ್ಸಿನಲ್ಲಿ ಗಡಿ ದಾಟುವ ಯೋಚನೆ ಸದ್ಯಕ್ಕೆ ಬೇಡ. 2025ರಲ್ಲಿ ಥಾಯ್ಲೆಂಡ್ ಮತ್ತು ಕಾಂಬೋಡಿಯ ಗಡಿಯಲ್ಲಿ ಗುಂಡಿನ ಚಕಮಕಿ ನಡೆದು ಆ ದಾರಿ ಮುಚ್ಚಿತ್ತು. ಹೊರಡುವಾಗ ಪರಿಸ್ಥಿತಿ ಹೇಗಿದೆ ಎಂದು ತಿಳಿದುಕೊಂಡೇ ಹೋಗಿ. ಹಾಸನದಿಂದ ಕಾರಿನಲ್ಲಿ ಏರ್‌ಪೋರ್ಟ್‌ಗೆ ಹೋಗುವವರು ನೆಲಮಂಗಲದಲ್ಲಿ ದೊಡ್ಡಬಳ್ಳಾಪುರದ ಕಡೆ ತಿರುಗಿ ದೇವನಹಳ್ಳಿ ಸೇರಿದರೆ ಬೆಂಗಳೂರಿನ ಟ್ರಾಫಿಕ್ ತಪ್ಪುತ್ತದೆ.

ಯಾವಾಗ ಹೋಗಬೇಕು? ಅಲ್ಲಿ ನವೆಂಬರಿನಿಂದ ಫೆಬ್ರವರಿವರೆಗೆ ಹವೆ ಚೆನ್ನಾಗಿರುತ್ತದೆ. ಏಪ್ರಿಲ್ ಅಂತೂ ಬೇಡವೇ ಬೇಡ, ಬಿಸಿಲು ತಡೆಯಲಾಗುವುದಿಲ್ಲ. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ ಹಾಸನಾಂಬೆ ದರ್ಶನ ಮುಗಿಸಿಕೊಂಡು, ಕಾಫಿ ಕೊಯ್ಲು ಬಿರುಸಾಗುವ ಮುಂಚೆ ಹೋಗಿ ಬಂದುಬಿಡಬೇಕು. ಸಕಲೇಶಪುರ, ಮೂಡಿಗೆರೆ ಕಡೆಯ ತೋಟದವರಿಗೂ ಆ ದಿನಗಳೇ ಅನುಕೂಲ.

ಸಿಯೆಮ್ ರೀಪ್‌ನ ಹೊಸ ವಿಮಾನ ನಿಲ್ದಾಣ 2023ರಲ್ಲಿ ಶುರುವಾಯಿತು. ಊರಿಗೆ ದೂರ, ಸುಮಾರು 40 ಕಿಲೋಮೀಟರ್. ಹೋಟೆಲಿನವರಿಗೆ ಮೊದಲೇ ಹೇಳಿ ಗಾಡಿ ತರಿಸಿಕೊಂಡರೆ ರಾತ್ರಿ ಹೊತ್ತು ಪರದಾಡಬೇಕಿಲ್ಲ. ಊರೊಳಗೆ ಟುಕ್‌ಟುಕ್ ಸಾಕು. ನಮ್ಮ ಆಟೋಗಿಂತ ಅಗಲ, ಎದುರುಬದುರು ಕೂರಬಹುದು. ದಿನದ ಲೆಕ್ಕಕ್ಕೆ ಗೊತ್ತುಮಾಡಿಕೊಂಡು ಅದೇ ಚಾಲಕನನ್ನು ಕೊನೆವರೆಗೂ ಇಟ್ಟುಕೊಳ್ಳಿ. ನಮ್ಮ ಚಾಲಕ ಪ್ರತಿ ದೇವಸ್ಥಾನದಿಂದ ಹೊರಗೆ ಬಂದಾಗಲೂ ತಣ್ಣಗಿನ ನೀರು ಕೊಡುತ್ತಿದ್ದ. ನಮ್ಮ ಅತ್ತೆಯವರಿಗೆ ಮಂಡಿ ನೋವು ಎಂದು ತಿಳಿದ ಮೇಲೆ ಎಲ್ಲಿ ಮೆಟ್ಟಿಲು ಕಡಿಮೆಯೋ ಆ ಬಾಗಿಲಿಗೇ ಕರೆದುಕೊಂಡು ಹೋಗುತ್ತಿದ್ದ.

ದುಡ್ಡಿನ ವಿಷಯದಲ್ಲಿ ಒಂದು ಮುಖ್ಯ ಮಾತು. ಅಲ್ಲಿ ಡಾಲರ್ ನಡೆಯುತ್ತದೆ, ಚಿಲ್ಲರೆಯನ್ನು ಅವರ ರಿಯಲ್‌ನಲ್ಲಿ ಕೊಡುತ್ತಾರೆ. ಒಂದು ಡಾಲರಿಗೆ ಸುಮಾರು 4,000 ರಿಯಲ್. ಆದರೆ ಡಾಲರ್ ನೋಟು ಸ್ವಲ್ಪ ಹರಿದಿದ್ದರೂ, ಗೀಚಿದ್ದರೂ ಯಾರೂ ಮುಟ್ಟುವುದಿಲ್ಲ. ಇಲ್ಲಿ ಬದಲಾಯಿಸುವಾಗಲೇ ಒಂದೊಂದು ನೋಟೂ ತಿರುಗಿಸಿ ನೋಡಿ. 1, 5, 10ರ ನೋಟುಗಳು ಜಾಸ್ತಿ ಇರಲಿ.

ಅಂಗ್ಕೋರ್ ಟಿಕೆಟ್ ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62, ಏಳು ದಿನಕ್ಕೆ 72. ದುಬಾರಿ ಅನಿಸುತ್ತದೆ, ಹೌದು. ಆದರೂ ಮೂರು ದಿನದ್ದೇ ತೆಗೆದುಕೊಳ್ಳಿ. ಆ ಮೂರು ದಿನ ಒಂದರ ಹಿಂದೆ ಒಂದು ಬರಬೇಕಿಲ್ಲ, ಹತ್ತು ದಿನದೊಳಗೆ ಯಾವಾಗ ಬೇಕಾದರೂ ಬಳಸಬಹುದು. ನಡುವೆ ಒಂದು ದಿನ ಸುಮ್ನೆ ಕಾಲು ಚಾಚಿ ಕೂತರೆ ವಯಸ್ಸಾದವರಿಗೆ ಒಳ್ಳೆಯದು. 12 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಆದರೆ ಅವರ ಪಾಸ್‌ಪೋರ್ಟ್ ಜೊತೆಗಿರಬೇಕು. ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿಕೊಳ್ಳಿ.

ಅಂಗ್ಕೋರ್ ವಾಟ್‌ಗೆ ಎಲ್ಲರೂ ನಸುಕಿನಲ್ಲಿ ಎದ್ದು ಸೂರ್ಯೋದಯ ನೋಡಲು ಓಡುತ್ತಾರೆ. ಕೊಳದ ಮುಂದೆ ಮೊಬೈಲು ಹಿಡಿದ ಕೈಗಳೇ ಕಾಣುತ್ತವೆ. ನನ್ನ ಕೇಳಿದರೆ ಮಧ್ಯಾಹ್ನ ಎರಡೂವರೆಗೆ ಹೋಗಿ. ಈ ದೇವಸ್ಥಾನದ ಮುಖ ಪಶ್ಚಿಮಕ್ಕೆ. ಬಿಸಿಲು ಇರುವಷ್ಟು ಹೊತ್ತು ಒಳಗಿನ ಪಡಸಾಲೆಗಳ ನೆರಳಲ್ಲಿ ಕೆತ್ತನೆ ನೋಡಬಹುದು. ಸಂಜೆ ಹೊರಗೆ ಬಂದು ತಿರುಗಿ ನೋಡಿದರೆ ಐದೂ ಗೋಪುರಗಳ ಮೇಲೆ ಬಿಸಿಲು ಬಿದ್ದಿರುತ್ತದೆ. ನಡುವಿನ ಗೋಪುರದ ಎತ್ತರ 65 ಮೀಟರ್. ಸುತ್ತಲಿನ ಕಂದಕವೇ 190 ಮೀಟರ್ ಅಗಲ. ಅದನ್ನು ದಾಟಿ ಮುಂದಿನ ಬಾಗಿಲಿಗೆ ಬಂದರೆ ಎಂಟು ಕೈಗಳ ವಿಷ್ಣು ನಿಂತಿದ್ದಾನೆ, ಮೂರು ಮೀಟರಿಗೂ ಎತ್ತರ. ದೇವಸ್ಥಾನ ಬೌದ್ಧರದ್ದಾಗಿ ಶತಮಾನಗಳೇ ಕಳೆದಿವೆ. ಆದರೂ ಊರಿನವರು ಇವತ್ತಿಗೂ ಅವನ ಮುಂದೆ ಊದುಬತ್ತಿ ಹಚ್ಚುತ್ತಾರೆ, ಮೈಗೆ ವಸ್ತ್ರ ಹೊದಿಸುತ್ತಾರೆ. ಅತ್ತೆಯವರು ಚಪ್ಪಲಿ ಬಿಟ್ಟು ನಮಸ್ಕಾರ ಮಾಡಿದರು. ಪಕ್ಕದಲ್ಲಿದ್ದ ಅಲ್ಲಿನ ಅಜ್ಜಿಯೊಬ್ಬರು ತಮ್ಮ ಕಟ್ಟಿನಿಂದ ಊದುಬತ್ತಿ ತೆಗೆದು ಇವರ ಕೈಗೆ ಕೊಟ್ಟರು. ಇಬ್ಬರಿಗೂ ಒಬ್ಬರ ಮಾತು ಇನ್ನೊಬ್ಬರಿಗೆ ಬರುವುದಿಲ್ಲ. ಎಲ್ಲ ದೇಶಗಳ ಪ್ರವಾಸ ಸೇರಿಸಿದರೂ ನನಗೆ ಮೊದಲು ನೆನಪಾಗುವುದು ಆ ಹೊತ್ತು.

ಒಳಗೆ ಹೋದ ಮೇಲೆ ಬಲಕ್ಕೆ ತಿರುಗಿ. ನಮ್ಮಲ್ಲಿ ದೇವರನ್ನು ಬಲಕ್ಕೆ ಇಟ್ಟುಕೊಂಡು ಪ್ರದಕ್ಷಿಣೆ ಬರುತ್ತೇವೆ, ಅಲ್ವಾ? ಅಂಗ್ಕೋರ್ ವಾಟ್‌ನಲ್ಲಿ ಕೆತ್ತನೆಯ ಕಥೆ ಸಾಗುವುದು ಅಪ್ರದಕ್ಷಿಣೆಯಾಗಿ, ಗೋಡೆ ನಿಮ್ಮ ಎಡಕ್ಕೆ ಇರುತ್ತದೆ. ಇದು ರಾಜನ ಉತ್ತರಕ್ರಿಯೆಗೆ ಸಂಬಂಧಪಟ್ಟ ಕಟ್ಟಡವೂ ಆಗಿದ್ದಿರಬೇಕು ಎಂದು ವಿದ್ವಾಂಸರು ಹೇಳುವುದಕ್ಕೆ ಇದೂ ಒಂದು ಕಾರಣ. ಮೊದಲು ಸಿಗುವುದು ಕುರುಕ್ಷೇತ್ರ. ಎಡದಿಂದ ಕೌರವರು, ಬಲದಿಂದ ಪಾಂಡವರು ನುಗ್ಗಿ ಬಂದು ನಡುವೆ ಕೈಕೈ ಮಿಲಾಯಿಸುತ್ತಾರೆ. ಬಾಣಗಳ ಮೇಲೆ ಮಲಗಿದ ಭೀಷ್ಮನನ್ನು ನಮ್ಮ ಮಗಳೇ ಗುರುತು ಹಿಡಿದಳು. ಮುಂದೆ ದಕ್ಷಿಣದ ಗೋಡೆಯಲ್ಲಿ ಸೂರ್ಯವರ್ಮನ ಸೈನ್ಯ, ಆಮೇಲೆ ಸ್ವರ್ಗ ನರಕ. ಪೂರ್ವದಲ್ಲಿ ಸಮುದ್ರ ಮಥನ, 49 ಮೀಟರ್ ಉದ್ದ. ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು, ನಡುವೆ ವಿಷ್ಣು, ಕೆಳಗೆ ಕೂರ್ಮ. ಇದಕ್ಕೆ ಅರ್ಧ ಗಂಟೆಯಾದರೂ ಇಟ್ಟುಕೊಳ್ಳಿ.

ಹಳೇಬೀಡಿನ ಕೆಲಸ ಬೇರೆ ರೀತಿಯದು. ನಮ್ಮದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಅದರಲ್ಲಿ ಒಡವೆಯ ಮಣಿ ಮಣಿಯನ್ನೂ ಬಿಡಿಸಬಹುದು. ಅವರದ್ದು ಮರಳುಗಲ್ಲು, ಅಗಲವಾದ ಗೋಡೆ, ತೆಳು ಕೆತ್ತನೆ. ನಮ್ಮಲ್ಲಿ ಹತ್ತಿರ ಹೋಗಿ ಬಗ್ಗಿ ನೋಡಬೇಕು. ಅಲ್ಲಿ ಹಿಂದಕ್ಕೆ ಸರಿದು ನೋಡಬೇಕು. ಇನ್ನೊಂದು ವ್ಯತ್ಯಾಸ ಅತ್ತೆಯವರ ಕಣ್ಣಿಗೆ ಬಿತ್ತು. ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಎಂದು ಕೆತ್ತಿದವರ ಹೆಸರೇ ಇದೆ. "ಇಲ್ಲಿ ಯಾರು ಕೆತ್ತಿದರು ಅಂತ ಕೇಳು" ಎಂದರು. ಕೇಳಿದೆ. ಗೈಡ್ ತಲೆ ಆಡಿಸಿದ, ರಾಜನ ಹೆಸರು ಬಿಟ್ಟರೆ ಯಾರ ಹೆಸರೂ ಇಲ್ಲ ಎಂದ. ಅಷ್ಟೊಂದು ಕೈಗಳ ಕೆಲಸ, ಒಂದು ಹೆಸರೂ ಉಳಿದಿಲ್ಲ ಎಂದು ಅತ್ತೆಯವರು ಬಹಳ ಹೊತ್ತು ಬೇಸರಪಟ್ಟರು. ಅವರು ಹೇಳಿದ ಮೇಲೆ ನನಗೂ ಬೇಲೂರಿನ ಆ ಸಣ್ಣ ಅಕ್ಷರಗಳ ಬೆಲೆ ಗೊತ್ತಾಯಿತು.

ಮೇಲಿನ ಅಂತಸ್ತಿಗೆ ಹತ್ತುವ ಮೆಟ್ಟಿಲು ಬಹಳ ಕಡಿದು. ಮಂಡಿ ನೋವಿನವರು ಕೆಳಗೇ ಕೂರುವುದು ವಾಸಿ. ಬೌದ್ಧರ ಪವಿತ್ರ ದಿನಗಳಲ್ಲಿ ಅದನ್ನು ಮುಚ್ಚುತ್ತಾರೆ. ಅವು ಅಮಾವಾಸ್ಯೆ, ಹುಣ್ಣಿಮೆ, ಅಷ್ಟಮಿಗಳ ಹತ್ತಿರ ಬರುತ್ತವೆ. ಮನೆಯ ಪಂಚಾಂಗ ನೋಡಿಯೇ ದಿನ ಗೊತ್ತುಮಾಡಿಕೊಳ್ಳಿ.

ಹಾಸನದವರು ತಪ್ಪಿಸಬಾರದ ಇನ್ನೊಂದು ಜಾಗ ಬಂತೇ ಶ್ರೀ. ಸಿಯೆಮ್ ರೀಪ್‌ನಿಂದ ಸುಮಾರು 35 ಕಿಲೋಮೀಟರ್. ದೂರ ಎಂದು ಬಹಳ ಜನ ಬಿಟ್ಟುಬಿಡುತ್ತಾರೆ. ಕ್ರಿಸ್ತಶಕ 967ರ ಶಿವ ದೇವಸ್ಥಾನ, ಕಟ್ಟಿಸಿದವನು ರಾಜಗುರು ಯಜ್ಞವರಾಹ. ಕೆಂಪು ಕಲ್ಲು, ಚಿಕ್ಕ ಚಿಕ್ಕ ಗುಡಿಗಳು, ಕೆತ್ತನೆ ಮಾತ್ರ ನಮ್ಮ ಹೊಯ್ಸಳರ ಕೆಲಸಕ್ಕೆ ಹತ್ತಿರ. ಕೈಲಾಸ ಅಲುಗಾಡಿಸುವ ರಾವಣ ಇಲ್ಲಿ ಬಾಗಿಲ ಮೇಲಿದ್ದಾನೆ. ಮಗಳು ಹಳೇಬೀಡಿನ ಫೋಟೊ ತೆಗೆದು ಪಕ್ಕಕ್ಕೆ ಹಿಡಿದಾಗ ಅಕ್ಕಪಕ್ಕದ ಪ್ರವಾಸಿಗಳೂ ಬಂದು ನೋಡಿದರು. ಹಳೇಬೀಡು ಎಲ್ಲಿದೆ ಎಂದು ಕೇಳಿ ಬರೆದುಕೊಂಡರು. ಕಾಮದಹನ, ವಾಲಿ ಸುಗ್ರೀವರ ಕಾಳಗ, ಖಾಂಡವವನದ ಮೇಲೆ ಇಂದ್ರ ಸುರಿಸುವ ಮಳೆ, ಎಲ್ಲ ಇಲ್ಲಿವೆ. ಬೆಳಗ್ಗೆ ಬೇಗ ಹೋಗಿ. ವಾಪಸು ಬರುವಾಗ ಪ್ರೆಯಾ ಡಾಕ್ ಎಂಬ ಹಳ್ಳಿಯಲ್ಲಿ ದಾರಿ ಬದಿಗೇ ತಾಳೆ ರಸ ಕಾಯಿಸಿ ಬೆಲ್ಲ ಮಾಡುತ್ತಾರೆ. ನಮ್ಮ ಆಲೆಮನೆಯಲ್ಲಿ ಬರುವಂಥದೇ ಪರಿಮಳ. ಬಿಸಿ ಬೆಲ್ಲ ರುಚಿ ನೋಡಿ, ಊರಿಗೂ ತನ್ನಿ.

ಮರದ ಬೇರು ಗೋಡೆಯನ್ನು ಅಪ್ಪಿಕೊಂಡಿರುವ ತಾ ಪ್ರೋಮ್, ಮುಖಗಳ ಗೋಪುರದ ಬಯೋನ್ ಎಲ್ಲರೂ ತೋರಿಸಿಯೇ ತೋರಿಸುತ್ತಾರೆ. ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ತಾ ಪ್ರೋಮ್ ದುರಸ್ತಿಯಲ್ಲಿ ನಮ್ಮ ಭಾರತೀಯ ಪುರಾತತ್ವ ಇಲಾಖೆಯ ಕೆಲಸ ಬಹಳ ಇದೆ, ಅದನ್ನು ಮಕ್ಕಳಿಗೆ ಹೇಳಿ.

ಆ ದೇಶ ಪಟ್ಟ ಕಷ್ಟವನ್ನೂ ತಿಳಿದುಕೊಂಡು ಹೋಗಬೇಕು. 1975ರಿಂದ 1979ರವರೆಗೆ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಗುಂಪಿನ ಆಡಳಿತದಲ್ಲಿ 15 ಲಕ್ಷಕ್ಕೂ ಹೆಚ್ಚು ಜನ ಸತ್ತರು. ಯುದ್ಧಗಳಲ್ಲಿ ಹೂತ ನೆಲಬಾಂಬುಗಳು ಹಳ್ಳಿಗಾಡಿನಲ್ಲಿ ಇನ್ನೂ ಇವೆ. ದೇವಸ್ಥಾನದ ದಾರಿಯಲ್ಲಿ ಕಾಲು ಕಳೆದುಕೊಂಡವರು ಗುಂಪಾಗಿ ಕೂತು ವಾದ್ಯ ನುಡಿಸುತ್ತಾರೆ. ನಿಂತು ಕೇಳಿ, ಕೈಲಾದಷ್ಟು ಕೊಡಿ. ಹಳ್ಳಿಗಳ ಕಡೆ, ಕಾಡಿನ ಕಡೆ ಹೋದಾಗ ಕಾಲುದಾರಿ ಬಿಟ್ಟು ಒಳಗೆ ಕಾಲಿಡಬೇಡಿ. ಸಿಯೆಮ್ ರೀಪ್‌ನಲ್ಲೇ ಅಪೋಪೊ ಎಂಬ ಸಂಸ್ಥೆ ಇಲಿಗಳಿಂದ ಬಾಂಬಿನ ವಾಸನೆ ಹಿಡಿಸುವುದನ್ನು ತೋರಿಸುತ್ತದೆ. ಆಫ್ರಿಕಾದ ದೊಡ್ಡ ಇಲಿಗಳು. ಅವುಗಳಲ್ಲಿ ಮಗಾವಾ ಎಂಬ ಇಲಿಗೆ 2020ರಲ್ಲಿ ಚಿನ್ನದ ಪದಕ ಕೊಟ್ಟಿದ್ದರು. ಮಕ್ಕಳನ್ನು ಖಂಡಿತ ಕರೆದುಕೊಂಡು ಹೋಗಿ.

ಊಟ: ಸಸ್ಯಾಹಾರಿಗಳು ಕೇಳಿಯೇ ತಿನ್ನಬೇಕು. ತರಕಾರಿ ಪಲ್ಯ ಎಂದು ಕೊಟ್ಟದ್ದರಲ್ಲೂ ಮೀನಿನ ಸಾಸ್ ಇರಬಹುದು. ಮೀನಿನ ಸಾಸ್ ಬೇಡ, ಪ್ರಹೋಕ್ (ಹುದುಗಿಸಿದ ಮೀನಿನ ಗೊಜ್ಜು) ಬೇಡ ಎಂದು ಖ್ಮೇರ್ ಭಾಷೆಯಲ್ಲಿ ಚೀಟಿ ಬರೆಸಿಟ್ಟುಕೊಂಡರೆ ಸಾಕು. ಪೇಟೆಯಲ್ಲಿ ಭಾರತೀಯ ಹೋಟೆಲುಗಳಿವೆ. ನಾವು ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಒಯ್ದಿದ್ದೆವು, ಅತ್ತೆಯವರ ಬೆಳಗಿನ ತಿಂಡಿ ಅದರಲ್ಲೇ ನಡೆಯಿತು. ನಲ್ಲಿ ನೀರು ಕುಡಿಯಬೇಡಿ.

ರಜೆ ಇನ್ನೂ ಉಳಿದಿದ್ದರೆ ವಿಯೆಟ್ನಾಂನ ಮಿ ಸೋನ್ ಸೇರಿಸಿಕೊಳ್ಳಿ. ಇ-ವೀಸಾ 25 ಡಾಲರ್. ಹೋಯಿ ಆನ್‌ನಿಂದ ಸುಮಾರು 40 ಕಿಲೋಮೀಟರ್ ದೂರದ ಕಣಿವೆಯಲ್ಲಿ ಚಂಪಾ ಎಂಬ ಹಳೆಯ ರಾಜ್ಯದ ಅರಸರು ಕಟ್ಟಿಸಿದ ಶಿವ ದೇವಸ್ಥಾನಗಳಿವೆ, ಇಟ್ಟಿಗೆಯವು. 1969ರ ಬಾಂಬ್ ದಾಳಿಯಲ್ಲಿ ಬಹಳಷ್ಟು ಹಾಳಾದವು. ಉಳಿದವನ್ನು ನಮ್ಮ ಪುರಾತತ್ವ ಇಲಾಖೆಯವರು ದುರಸ್ತಿ ಮಾಡುತ್ತಿದ್ದಾಗ 2020ರಲ್ಲಿ ಒಂದೇ ಕಲ್ಲಿನ ಶಿವಲಿಂಗ ಸಿಕ್ಕಿತು, ಒಂಬತ್ತನೇ ಶತಮಾನದ್ದು. ಕಣಿವೆಯಲ್ಲಿ ಗಾಳಿ ಆಡುವುದಿಲ್ಲ, ಎಂಟು ಗಂಟೆಯೊಳಗೆ ಅಲ್ಲಿರಬೇಕು. ಅಲ್ಲಿಗೆ ಹೋಗುವ ಹಿಂದಿನ ದಿನ ದಾ ನಾಂಗ್‌ನ ಚಂಪಾ ಶಿಲ್ಪಗಳ ಮ್ಯೂಸಿಯಂ ನೋಡಿರಿ. ಮಿ ಸೋನ್‌ನ ಒಳ್ಳೊಳ್ಳೆಯ ವಿಗ್ರಹಗಳು ಬಹಳಷ್ಟು ಅಲ್ಲಿ ಇವೆ. ಅವನ್ನು ನೋಡಿಕೊಂಡು ಹೋದರೆ ಖಾಲಿ ಗುಡಿಗಳೊಳಗೆ ಏನೇನಿತ್ತು ಎಂದು ಗೊತ್ತಾಗುತ್ತದೆ.