ಮೀನಿಗೆ ಹೇಗೆ ಗೊತ್ತಾಯಿತು?

ಮಂಗಳವಾರ ರಾತ್ರಿ ಊರು ತಲುಪಿ, ಬೆಳಗ್ಗೆ ಎದ್ದವಳೇ ಹೊಳೆಗೆ ಇಳಿದೆ. ದೇವಸ್ಥಾನದ ಮೆಟ್ಟಿಲ ಪಕ್ಕದಲ್ಲಿ ಎರಡು ಕುಳಿಗಳಿದ್ದವು, ಮಣ್ಣು ಇನ್ನೂ ಹಸಿಯಾಗಿತ್ತು. ‘ಇಲ್ಲಿ ಮೀನು ಹಿಡಿಯುವುದನ್ನು ನಿಷೇಧಿಸಲಾಗಿದೆ’ ಎಂಬ ಹಳದಿ ಬೋರ್ಡು ನಿಂತಿದ್ದ ಜಾಗ ಅದು. ಆ ಬೋರ್ಡಿನ ಅಕ್ಷರ ಕೂಡಿಸಿಕೊಂಡೇ ನಾನು ಓದಲು ಕಲಿತದ್ದು. ‘ನಿಷೇಧಿಸಲಾಗಿದೆ’ ಎನ್ನುವುದನ್ನು ತಡವರಿಸದೆ ಓದಿದ ದಿನ ಮೀನಿಗೆ ಹಾಕಲು ದೊಡ್ಡಪ್ಪ ಇನ್ನೊಂದು ಮುಷ್ಟಿ ಮಂಡಕ್ಕಿ ಕೊಟ್ಟಿದ್ದರು.

ಮನೆಗೆ ಬಂದು ಕೇಳಿದರೆ, “ಹೊಳೆಯಲ್ಲಿ ಮೀನು ಹಿಡಿಯಲು ಪರವಾನಗಿ ಕೊಟ್ಟಿದ್ದಾರಂತೆ. ನಮ್ಮ ಮಡುವೂ ಅದರೊಳಗೆ ಸೇರಿತು” ಎಂದರು. ಶುಕ್ರವಾರ ಊರಿನ ಏಳೆಂಟು ಮಂದಿ ಕಚೇರಿಗೆ ಹೊರಟಾಗ ನಾನೂ ಜೀಪು ಹತ್ತಿದೆ.

ಅಲ್ಲಿದ್ದ ಅಧಿಕಾರಿ ಚಿಕ್ಕ ವಯಸ್ಸಿನವರು. ಕುರ್ಚಿ ಸಾಲದಾಗ ಪಕ್ಕದ ಕೋಣೆಯಿಂದ ತಾವೇ ತಂದು ಹಾಕಿದರು. ಇದನ್ನು ಹೇಳಲೇಬೇಕು, ಏಕೆಂದರೆ ಮರಳುವಾಗ ಜೀಪಿನಲ್ಲಿ ಅವರ ಬಗ್ಗೆ ಆಡಿದ ಮಾತುಗಳು ನ್ಯಾಯವಾದವಲ್ಲ. ಅವರು ಕಡತ ಬಿಚ್ಚಿ, ನಕ್ಷೆ ಹರಡಿ, ಮೇಲಿನ ಸೇತುವೆಯಿಂದ ಕೆಳಗಿನ ಕಿಂಡಿ ಅಣೆಕಟ್ಟಿನವರೆಗೆ ಬೆರಳಾಡಿಸಿದರು. “ನೋಡಿ ಯಜಮಾನರೇ, ಇಷ್ಟುದ್ದಕ್ಕೂ ಎಲ್ಲಿಯೂ ಮತ್ಸ್ಯಧಾಮ ಎಂದು ಘೋಷಣೆಯಾಗಿಲ್ಲ. ಬೋರ್ಡು ಯಾರು ಹಾಕಿದರೋ, ಯಾವ ಆದೇಶದ ಮೇಲೆ ಹಾಕಿದರೋ ತಿಳಿಯದು. ದಾಖಲೆಯಲ್ಲಿ ಅಂಥದ್ದೇನೂ ಇಲ್ಲ.”

ದೊಡ್ಡಪ್ಪ ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡಿದರು. ಮಡು ಇರುವ ತಿರುವು ಆ ನಕ್ಷೆಯಲ್ಲಿ ಒಂದು ನೀಲಿ ಗೆರೆಯ ಬಾಗು, ಅಷ್ಟೆ.

“ಹಾಗಾದರೆ ಮೀನಿಗೆ ಹೇಗೆ ಗೊತ್ತಾಯಿತು ಸ್ವಾಮಿ?”

ಅಧಿಕಾರಿಗೆ ಅರ್ಥವಾಗಲಿಲ್ಲ. ನಮ್ಮವರಲ್ಲೇ ಒಬ್ಬಿಬ್ಬರು ನಕ್ಕರು. ಎಂಬತ್ತು ದಾಟಿದ ಮುದುಕರು ಏನೋ ಅಂದರು ಎಂದುಕೊಂಡು ಮಾತು ಮುಂದಕ್ಕೆ ಹೋಯಿತು. ನನಗೆ ಮಾತ್ರ ಅಂದಿನಿಂದ ಅದೇ ಪ್ರಶ್ನೆ ಕಿವಿಯಲ್ಲಿ ಕೂತಿದೆ.

ದೇವರ ಮೀನನ್ನು ಶೃಂಗೇರಿಯಲ್ಲಿ ನೋಡದ ಕನ್ನಡಿಗರು ಕಡಿಮೆ. ನಮ್ಮವೂ ಅಂಥವೇ, ಮಹಶೀರ್. ತುಂಗೆಗೆ ಸೇರುವ ಈ ಸಣ್ಣ ಹೊಳೆಯಲ್ಲಿ, ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದರೆ ಸಾಕು, ಕಪ್ಪು ನೀರಿನ ಆಳದಿಂದ ಒಂದೊಂದಾಗಿ ಮೇಲೇಳುತ್ತವೆ. ಒಂದೊಂದು ಹುರುಪೆಯೂ ನಾಣ್ಯಕ್ಕಿಂತ ಅಗಲ, ಬುಡದಲ್ಲಿ ಹೊಗೆಯ ಬಣ್ಣ, ಅಂಚಿನಲ್ಲಿ ಉಜ್ಜಿದ ಕಂಚು. ಬಾಯಿಯ ಸುತ್ತ ಎರಡು ಜೊತೆ ಮೀಸೆ. ಈ ಮೀನಿನ ದವಡೆಯಲ್ಲಿ ಹಲ್ಲಿಲ್ಲ, ಇರುವುದು ಗಂಟಲಿನಲ್ಲಿ. ನೀರಿಗೆ ಕಾಲು ಇಳಿಬಿಟ್ಟರೆ ಹೆಬ್ಬೆರಳನ್ನು ಬಾಯಲ್ಲಿ ಹಿಡಿದು ಬಿಡುತ್ತವೆ, ಹಸುಗೂಸು ಒಸಡಿನಿಂದ ಕಚ್ಚಿದ ಹಾಗೆ. ಅವೇ ಮೀನುಗಳು ತಿರುವು ದಾಟಿ ಅರ್ಧ ಫರ್ಲಾಂಗು ಕೆಳಗೆ ಹೋದರೆ ಬಂಡೆಯ ಮೇಲೆ ಮನುಷ್ಯರ ನೆರಳು ಬಿದ್ದರೂ ಮಾಯವಾಗುತ್ತವೆ. ಅಲ್ಲಿ ಗಾಳವಿದೆ, ಬೀಸುಬಲೆಯಿದೆ. ಎಲ್ಲಿಯವರೆಗೆ ಹೆದರಬೇಕಾಗಿಲ್ಲ ಎಂಬುದನ್ನು ಅವು ತಲೆಮಾರುಗಳಿಂದ ಕಲಿತಿವೆ. ದೊಡ್ಡಪ್ಪ ಕೇಳಿದ್ದು ಅದನ್ನೇ. ಅಜ್ಜ, ಮುತ್ತಜ್ಜ ಯಾರೂ ಇಲ್ಲಿ ಬಲೆ ಹಾಕಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಅವರ ಬಳಿ ಇರಲಿಲ್ಲ.

ಪರವಾನಗಿ ಪಡೆದವರ ಮೇಲೆ ನನಗೆ ಸಿಟ್ಟಿಲ್ಲ. ಬಲೆ ಅವರ ಕಸುಬು, ಹಣ ಕಟ್ಟಿದ್ದಾರೆ. ಸಿಟ್ಟಿರುವುದು ನಮ್ಮ ದೇವಸ್ಥಾನ ಸಮಿತಿಯ ಮೇಲೆ. ಹತ್ತು ವರ್ಷಗಳಲ್ಲಿ ಮೆಟ್ಟಿಲಿಗೆ ಗ್ರಾನೈಟ್ ಬಂತು, ಅಂಗಳಕ್ಕೆ ಇಂಟರ್‌ಲಾಕ್ ಬಂತು, ದಾನಿಗಳ ಹೆಸರು ಕಲ್ಲಿನಲ್ಲಿ ಮೂಡಿತು. ಒಂದು ಅರ್ಜಿ ಬರೆಯಲಾಗಲಿಲ್ಲ. ತೀರ್ಥಹಳ್ಳಿಯಲ್ಲಿ ಇದೇ ತುಂಗೆಯ ಚಿಪ್ಪಲಗುಡ್ಡೆಗೆ ಮತ್ಸ್ಯಧಾಮ ಎಂಬ ಹೆಸರಿರುವುದು ಎಲ್ಲರಿಗೂ ತಿಳಿದಿತ್ತು. ನಾವೂ ಕೇಳಬಹುದಿತ್ತು. “ದೇವರ ಮೀನಿಗೆ ಯಾರ ಕಾಗದ ಬೇಕು?” ಎಂದು ಅಧ್ಯಕ್ಷರು ಒಂದು ಜಾತ್ರೆಯ ದಿನ ಹೇಳಿದ್ದರು. ಆ ಮಾತನ್ನು ಮೆಚ್ಚಿ ತಲೆಯಾಡಿಸಿದವರಲ್ಲಿ ನಾನೂ ಇದ್ದೆ. ಅದಕ್ಕಾಗಿ ಈಗ ನೋಯುತ್ತಿದ್ದೇನೆ.

ದೇವರ ಹೆಸರೊಂದೇ ಸಾಲದು ಎಂದು ಶಿಶಿಲ ಎಂದೋ ತೋರಿಸಿತ್ತಲ್ಲ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ, ಶಿಶಿಲೇಶ್ವರನ ಎದುರಿಗೇ, 1996ರಲ್ಲಿ ಕಪಿಲಾ ಹೊಳೆಗೆ ಯಾರೋ ನಂಜು ಹಾಕಿದರು. ಮೀನುಗಳು ರಾಶಿ ರಾಶಿಯಾಗಿ ಸತ್ತವು. ಅವಕ್ಕಾಗಿ ಅಲ್ಲಿ ಸ್ಮಾರಕ ಕಟ್ಟಿದ್ದಾರೆ. ನೀರಿಗೆ ನಂಜು ಹಾಕುವುದು, ತೋಟೆ ಸಿಡಿಸುವುದು ಅಪರಾಧ ಎಂದು 1897ರ ಮೀನುಗಾರಿಕೆ ಕಾಯಿದೆಯಲ್ಲೇ ಬರೆದಾಗಿತ್ತು. ಆ ದಿನ ದೇವರೂ ಕಾಯಿದೆಯೂ ಮೀನಿನ ನೆರವಿಗೆ ಬರಲಿಲ್ಲ. ಹೀಗಿರುವಾಗ ಕಾಗದ ಸಿಕ್ಕರೆ ಎಲ್ಲವೂ ಸರಿಹೋಗುತ್ತದೆ ಎಂದು ನಾನು ನಂಬಿಲ್ಲ. ಆದರೆ ಕಾಗದವಿಲ್ಲದವರ ಗತಿ ಏನೆಂದು ಶುಕ್ರವಾರ ಕಣ್ಣಾರೆ ಕಂಡೆ.

ಕಾಗದ ತಡವಾಗಿ ಬರುವುದೂ ಉಂಟು. ಕಾವೇರಿಯಲ್ಲಿ ಬೆನ್ನು ಗೂನಾದ, ಕಿತ್ತಳೆ ರೆಕ್ಕೆಯ ಮಹಶೀರ್ ಇದೆ. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕ ಒಂದು ಮೀನು 120 ಪೌಂಡ್ ತೂಗಿತ್ತು. ಅಷ್ಟು ಹೆಸರಾದ ಮೀನು ಯಾವ ಪ್ರಭೇದ ಎಂದು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಕೊನೆಯ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ನಮ್ಮ ಅರ್ಜಿಯನ್ನು ಅಧಿಕಾರಿ ಮರುಮಾತಿಲ್ಲದೆ ತೆಗೆದುಕೊಂಡು, ಮೊಹರು ಹಾಕಿ, ಸ್ಥಳ ಪರಿಶೀಲನೆಗೆ ಕೆಲವು ತಿಂಗಳು ಹಿಡಿಯಬಹುದು ಎಂದರು. ಈಗ ಚೈತ್ರ. ಹೊಳೆಯಲ್ಲಿ ಮೊಣಕಾಲುದ್ದ ನೀರು, ಹಾಗಾಗಿ ಮೇಲಿನ, ಕೆಳಗಿನ ಮೀನೆಲ್ಲ ಈ ಒಂದು ಮಡುವಿಗೆ ಬಂದು ಸೇರಿದೆ. ಆರಿದ್ರಾ ಮಳೆಗೆ ಹೊಸ ನೀರು ಏರಿದಾಗ ಅವು ಇಲ್ಲಿಂದಲೇ ಮೇಲಕ್ಕೆ ಹತ್ತಿ ಜಲ್ಲಿಕಲ್ಲಿನ ತಿಳಿನೀರಿನಲ್ಲಿ ಮೊಟ್ಟೆಯಿಡಬೇಕು. ಕಾಟ್ಲಾ, ರೋಹುಗಳಂತೆ ಲಕ್ಷಗಟ್ಟಲೆ ಮೊಟ್ಟೆಯಿಡುವ ಮೀನಲ್ಲ ಇದು, ಪ್ರಾಯಕ್ಕೆ ಬರಲೂ ವರ್ಷಗಳು ಬೇಕು. ಚೈತ್ರದಲ್ಲಿ ಮಡುವಿಗೆ ಬಲೆ ಬಿದ್ದರೆ ಮಳೆಗಾಲದಲ್ಲಿ ಮೇಲೆ ಹತ್ತಲು ಹೊಳೆಯಲ್ಲಿ ಮೀನೇ ಉಳಿಯುವುದಿಲ್ಲ.

ಶನಿವಾರ ಸಂಜೆ, ಬಸ್ಸಿಗೆ ಹೊರಡುವ ಮೊದಲು, ಮತ್ತೆ ಮೆಟ್ಟಿಲಿಳಿದೆ. ಮಂಡಕ್ಕಿ ಒಯ್ದಿರಲಿಲ್ಲ. ಸದ್ದಿಗೆ ಎದ್ದು ಬಂದವು. ಒಂದು ಬದಿಯ ಮೀಸೆ ತುಂಡಾದ ದೊಡ್ಡ ಮೀನು ಎಂದಿನಂತೆ ಮುಂದೆ ಇತ್ತು. ಸೋಮವಾರ ಬಲೆ ಹಾಕಲು ಬರುತ್ತಾರಂತೆ. ಅವರ ಹೆಜ್ಜೆ ಸದ್ದಿಗೂ ಇವು ಹೀಗೆಯೇ ಎದ್ದು ಬರುತ್ತವೆ.

ಒಂದು ಕಲ್ಲೆತ್ತಿ ಅವುಗಳ ನಡುವೆ ಎಸೆದೆ. ಚದುರಿದವು. ನೀರು ತಿಳಿಯಾಗುವ ಮೊದಲೇ ಕಲ್ಲು ಬಿದ್ದ ಜಾಗಕ್ಕೆ ಮರಳಿ ಬಂದು ಬಾಯಿ ತೆರೆದವು. ಇನ್ನೊಂದು ಎಸೆದೆ, ಇನ್ನೂ ದೊಡ್ಡದು. ಮತ್ತೆ ಬಂದವು.

ಮೇಲಿನ ಮೆಟ್ಟಿಲಲ್ಲಿ ದೊಡ್ಡಪ್ಪ ನಿಂತಿದ್ದರು. ಬಯ್ಯುತ್ತಾರೆ ಎಂದುಕೊಂಡೆ. ಅವರು ಸುಮ್ಮನೆ ಕೆಳಗಿಳಿದು ಬಂದು, ಸೊಂಟ ಹಿಡಿದುಕೊಂಡು ಬಗ್ಗಿ, ತಾವೂ ಒಂದು ಕಲ್ಲು ಆಯ್ದರು.