ಮನಾಲಿಯಿಂದ ಲೇಹ್‌ಗೆ ಸೈಕಲ್: ಹನ್ನೊಂದು ರಾತ್ರಿ ಟೆಂಟಿನಲ್ಲಿ

ರೋಹ್ತಾಂಗ್ ಹತ್ತಿ ಹೋದರೆ ಮನಾಲಿಯಿಂದ ಲೇಹ್‌ಗೆ ಸುಮಾರು 475 ಕಿ.ಮೀ. ಬೆಂಗಳೂರಿನಲ್ಲಿ ಕೂತು ಮ್ಯಾಪ್ ನೋಡುವವರು ದಿನಕ್ಕೆ 60 ಕಿ.ಮೀ. ಹಿಡಿದು ಎಂಟು ದಿನಕ್ಕೆ ಮುಗಿಸಿಬಿಡುತ್ತಾರೆ. ಆ ಲೆಕ್ಕ ಕೆಡುವುದು ಹೆಚ್ಚಾಗಿ ನಡುದಾರಿಯ ಎತ್ತರದ ಬಿಡಾರ ಸರ್ಚುವಿನಲ್ಲಿ, ನಡುರಾತ್ರಿ, ತಂಡದಲ್ಲಿ ಒಬ್ಬರು ತಲೆನೋವು ತಾಳಲಾರದೆ ಎದ್ದು ಕೂತಾಗ. ಪ್ರತಿ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀರಿ, ಅಲ್ಲಿ ನೀರು ಸಿಗುತ್ತದೆಯೇ ಎಂದು ಮೊದಲು ಬರೆದುಕೊಳ್ಳಿ. ಕಿಲೋಮೀಟರು ಆಮೇಲೆ.

3000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ಒಂದು ರಾತ್ರಿಗೆ 500 ಮೀಟರ್‌ಗಿಂತ ಹೆಚ್ಚು ಏರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಪೂರ್ತಿ ವಿಶ್ರಾಂತಿ ಬೇಕು. ಮನಾಲಿ 2050 ಮೀಟರ್‌ನಲ್ಲಿದೆ. ಅಲ್ಲಿ ಎರಡು ರಾತ್ರಿ ಇದ್ದು ಹೊರಟರೆ ಮೊದಲ ಬಿಡಾರ 3300 ಮೀಟರ್ ಎತ್ತರದ ಮಢಿ. ಇಡೀ ಯೋಜನೆಯಲ್ಲಿ ನೆಗೆತ ಎಲ್ಲಕ್ಕಿಂತ ಜಾಸ್ತಿಯಾಗುವುದು ಇಲ್ಲೇ. ಮರುದಿನ 3978 ಮೀಟರ್‌ನ ರೋಹ್ತಾಂಗ್ ದಾಟಿ ಕೋಕ್ಸರ್‌ಗೆ ಇಳಿದು ಸಿಸ್ಸುವಿನಲ್ಲಿ ಮಲಗುವುದರಿಂದ ಅದು ಸರಿಹೋಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಅಟಲ್ ಸುರಂಗ ತೆರೆದ ಮೇಲೆ ಲಾರಿ, ಬಸ್ಸುಗಳು ಕೆಳಗಿಂದಲೇ ಹೋಗುತ್ತವೆ. ರೋಹ್ತಾಂಗ್ ರಸ್ತೆ ಸೈಕಲ್‌ನವರಿಗೆ ಎಷ್ಟೋ ವಾಸಿ. ಸುರಂಗದ ಆಸೆ ಬಿಡಿ. ಈ ಹತ್ತುವಿಕೆ ತಪ್ಪಿಸಿಕೊಂಡವರು ಮುಂದೆ ಬಾರಾಲಾಚಾದಲ್ಲಿ ಬೆಲೆ ತೆರುತ್ತಾರೆ.

ಮೂರನೇ ದಿನ ತಾಂಡಿ, ಕೇಲಾಂಗ್ ದಾಟಿ ಜಿಸ್ಪಾ. ನಾಲ್ಕನೇ ದಿನ ಅಲ್ಲೇ ವಿಶ್ರಾಂತಿ: ಸೈಕಲ್ ಮುಟ್ಟದೆ ಬರಿಗೈಲಿ ಮುನ್ನೂರು ಮೀಟರ್ ಹತ್ತಿ ಇಳಿದು ಬನ್ನಿ. ಆಮೇಲೆ ಪಾತ್ಸೆವೊ (3800), ಜಿಂಗ್‌ಜಿಂಗ್‌ಬಾರ್ (4270). ಈ ಎರಡೂ ದಿನ ದೂರ ಎಷ್ಟು ಕಮ್ಮಿ ಎಂದರೆ ಮಧ್ಯಾಹ್ನಕ್ಕೇ ಟೆಂಟ್ ಎದ್ದಿರುತ್ತದೆ. ಗಟ್ಟಿಗರು 'ಇನ್ನೂ ಹೋಗಬಹುದಲ್ಲ' ಎಂದು ಗೊಣಗುವುದು ಆಗಲೇ. ಅವರ ಮಾತು ಕೇಳಬೇಡಿ.

ಯಾಕೆಂದರೆ ಏಳನೇ ದಿನ ಸುಮಾರು 4890 ಮೀಟರ್‌ನ ಬಾರಾಲಾಚಾ ಲಾ (ಲಾ ಎಂದರೆ ಬೆಟ್ಟ ದಾಟುವ ಕಣಿವೆದಾರಿ) ದಾಟಿ ಇಳಿಯುವ ಸರ್ಚು ಒಂದು ಬಟ್ಟಲು. ಎತ್ತರ 4300 ಮೀಟರ್‌ನ ಆಸುಪಾಸು. ಹಿಂದೆ ಬಾರಾಲಾಚಾ, ಮುಂದೆ ನಕೀ ಲಾ, ಲಾಚುಲುಂಗ್ ಲಾ. ಎತ್ತರದ ಕಾಯಿಲೆಗೆ ನಿಜವಾದ ಮದ್ದು ಕೆಳಗಿಳಿಯುವುದು. ಇಲ್ಲಿ ಕೆಳಗಿಳಿಯಬೇಕಾದರೂ ಮೊದಲು ಮೇಲೆ ಹತ್ತಬೇಕು. ಹಾಗಾಗಿ ನಿರ್ಧಾರ ಜಿಂಗ್‌ಜಿಂಗ್‌ಬಾರ್‌ನಲ್ಲೇ ಆಗಬೇಕು. ಬೆಳಿಗ್ಗೆ ಯಾರಿಗಾದರೂ ತಲೆನೋವಿನ ಜೊತೆ ವಾಂತಿ ಇದ್ದರೆ ಆ ದಿನ ಯಾರೂ ಮೇಲೆ ಹೋಗುವ ಹಾಗಿಲ್ಲ. ನೇರ ಗೆರೆಯ ಮೇಲೆ ಹೆಜ್ಜೆಗೆ ಹೆಜ್ಜೆ ತಾಗಿಸಿ ನಡೆಯಲು ಹೇಳಿದಾಗ ತೂರಾಡಿದರೆ, ಕೂತಲ್ಲಿ ಉಸಿರು ಕಟ್ಟಿದರೆ, ಸಿಕ್ಕ ಲಾರಿಯಲ್ಲಿ ಕೂರಿಸಿ ಜೊತೆಗೊಬ್ಬರನ್ನು ಕೊಟ್ಟು ಕೇಲಾಂಗ್‌ಗೆ ಇಳಿಸಿ. ಎತ್ತರದ ಕಾಯಿಲೆಯ ಮಾತ್ರೆ ಡಯಾಮಾಕ್ಸ್ ಬಗ್ಗೆ ಊರಲ್ಲೇ ವೈದ್ಯರನ್ನು ಕೇಳಿಕೊಂಡಿರಿ. ಸಲ್ಫಾ ಅಲರ್ಜಿ ಇರುವವರು ಅದನ್ನು ಮೊದಲೇ ಹೇಳಬೇಕು.

ನಾಲಾಗಳಿಗೂ, ಅಂದರೆ ಬೆಟ್ಟದ ತೊರೆಗಳಿಗೂ, ಗಡಿಯಾರವಿದೆ. ಜಿಂಗ್‌ಜಿಂಗ್‌ಬಾರ್, ಭರತ್‌ಪುರದ ಕಡೆ ರಸ್ತೆಗೆ ಅಡ್ಡ ಹರಿಯುವ ನೀರು ಹಿಮ ಕರಗಿದ್ದು. ಬೆಳಿಗ್ಗೆ ಏಳಕ್ಕೆ ಪಾದ ಮುಳುಗುವಷ್ಟಿದ್ದರೆ ಬಿಸಿಲೇರಿದ ಮೇಲೆ ಮೊಣಕಾಲು ದಾಟಬಹುದು. ತಳದ ಕಲ್ಲು ಕಾಣದಿದ್ದರೆ ಸೈಕಲ್ ಏರಿ ನುಗ್ಗಬೇಡಿ. ಬ್ಯಾಗು ಕಳಚಿ, ಸೈಕಲನ್ನು ನೀರು ಹರಿದು ಹೋಗುವ ಕಡೆಗೆ ಇಟ್ಟುಕೊಂಡು ತಳ್ಳಿ. ಮೇಲ್ಗಡೆ ಇಟ್ಟುಕೊಂಡರೆ ಹರಿವು ಅದನ್ನು ನಿಮ್ಮ ಕಾಲಿಗೇ ಒತ್ತಿ ಬೀಳಿಸುತ್ತದೆ. ಮೊದಲು ದಾಟಿದವರು ಆಚೆ ದಡದಲ್ಲಿ ಕೊನೆಯವರೆಗೂ ನಿಲ್ಲಬೇಕು. ಆರು ಜನರ ತಂಡಕ್ಕೆ ಇದೊಂದು ಬಿಗಿ ನಿಯಮ ಸಾಕು. ಉಳಿದಂತೆ ಅವರವರ ವೇಗ ಅವರವರಿಗೆ. ಬಾಲದಲ್ಲಿ ಬರುವವರ ಬಳಿ ಪಂಪು, ಟೂಲು, ಔಷಧಿ ಪೆಟ್ಟಿಗೆ ಇರಲಿ. ಇವು ಮುಂದೆ ಓಡಿದವರ ಚೀಲದಲ್ಲಿದ್ದರೆ ಕೆಟ್ಟು ನಿಂತವರಿಗೆ ದಕ್ಕುವುದಿಲ್ಲ.

ಸೈಕಲ್ ವಿಷಯಕ್ಕೆ ಬಂದರೆ, ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಹಾರ್ಡ್‌ಟೇಲ್, 2.2 ಇಂಚಿನ ಟೈರು ಸಾಕು. ಗೇರು ಮುಂದೆ 32 ಹಲ್ಲು, ಹಿಂದೆ 50ರ ಸುತ್ತಮುತ್ತ ಇರಲಿ. ಮುಂದೆ ಮೂರು ಹಲ್ಲುಚಕ್ರವಿರುವ ಹಳೆಯ ಸೆಟ್ಟಾದರೆ 22ಕ್ಕೆ 36. ಒಬ್ಬರ ಹೊರೆ 15 ಕಿಲೋ ದಾಟದಿರಲಿ. ಮೊದಲು ಕೈಕೊಡುವುದು ಕ್ಯಾರಿಯರ್‌ನ ಎಂ5 ಬೋಲ್ಟು. ಹೊರೆ ಮತ್ತು ಗುಂಡಿ ಸೇರಿ ಅದನ್ನು ಸ್ವಲ್ಪಸ್ವಲ್ಪವೇ ಸಡಿಲಿಸುತ್ತವೆ, ಒಂದು ಬಿದ್ದ ದಿನ ಇನ್ನೊಂದು ಮುರಿಯುತ್ತದೆ. ಸಂಜೆ ಟೆಂಟ್ ಹಾಕುವ ಮುಂಚೆ ಅಲೆನ್ ಕೀಲಿಯಲ್ಲಿ ಒಂದು ಸುತ್ತು ನೋಡಿ. ಎಂಟು ಹತ್ತು ಬೋಲ್ಟು, ಕೇಬಲ್ ಟೈ ಚೀಲದಲ್ಲಿರಲಿ. ಹಿಂದಿನ ಚಕ್ರದ ಕಡ್ಡಿ ಕ್ಯಾಸೆಟ್ (ಹಿಂದಿನ ಗೇರುಗಳ ಗೊಂಚಲು) ಬದಿಗೆ ಮುರಿದರೆ ಕ್ಯಾಸೆಟ್ ಬಿಚ್ಚದೆ ಹೊಸದು ಹಾಕಲು ಬರುವುದಿಲ್ಲ. ಹಾಗಾಗಿ ಅದನ್ನು ಬಿಚ್ಚುವ ಲಾಕ್‌ರಿಂಗ್ ಟೂಲು, ಚೈನ್ ವಿಪ್ ತಂಡಕ್ಕೆ ಒಂದೊಂದು ಬೇಕೇ ಬೇಕು. ಹಿಂದಿನ ಗೇರು ಬದಲಿಸುವ ಡಿರೈಲರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಮಾತ್ರ ಹಂಚಿಕೊಳ್ಳಲಾಗದ ವಸ್ತು: ಒಂದು ಮಾಡೆಲ್‌ನದು ಇನ್ನೊಂದಕ್ಕೆ ಕೂರುವುದಿಲ್ಲ, ತಲೆಗೊಂದು ತನ್ನಿ. ಬ್ರೇಕ್ ಪ್ಯಾಡು ಸಿಂಟರ್ಡ್, ಅಂದರೆ ಲೋಹದ್ದು, ಇರಲಿ. ಕೆಸರು ಮಣ್ಣಿನಲ್ಲಿ ರೆಸಿನ್ ಪ್ಯಾಡು ಬೇಗ ಸವೆಯುತ್ತದೆ. ಮೇಲೇರಿದಂತೆ ಹೊರಗಿನ ಗಾಳಿ ತೆಳುವಾಗುವುದರಿಂದ ಮನಾಲಿಯಲ್ಲಿ ತುಂಬಿದ ಟೈರು ಟಾಂಗ್ಲಾಂಗ್ ಲಾದಲ್ಲಿ ಸುಮಾರು 4 ಪಿಎಸ್‌ಐ ಹೆಚ್ಚು ಬಿಗಿಯಾಗಿರುತ್ತದೆ. ಚಳಿ ಅದರಲ್ಲಿ ಸ್ವಲ್ಪ ಇಳಿಸುತ್ತದೆ.

ಇನ್ನು ಒಲೆ. ಗ್ಯಾಸ್ ಕ್ಯಾನಿಸ್ಟರನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಆದ್ದರಿಂದ ಪೆಟ್ರೋಲಿನಲ್ಲಿ ಉರಿಯುವ ಎರಡು ಒಲೆ ಒಳ್ಳೆಯದು. ತಾಂಡಿ ಬಂಕಿನ ಮುಂದೆ 'ಮುಂದಿನ ಬಂಕ್ 365 ಕಿ.ಮೀ.' ಎಂಬ ಹೆಸರುವಾಸಿ ಫಲಕವಿತ್ತು. ಸೈಕಲ್‌ನವರೂ ಅದನ್ನು ಗಂಭೀರವಾಗಿ ತಗೊಳ್ಳಬೇಕು. ಅಲ್ಲಿಂದ ಮುಂದೆ ಒಂಬತ್ತು ರಾತ್ರಿ. ಸರ್ಚು, ಪಾಂಗ್‌ನಲ್ಲಿ ಢಾಬಾ ಊಟ ಎಂದಿಟ್ಟುಕೊಂಡರೆ ಏಳು ದಿನಕ್ಕೆ, ಆರು ಜನಕ್ಕೆ, ದಿನಕ್ಕೆ ಅರ್ಧ ಲೀಟರಿನಂತೆ ಮೂರೂವರೆ ಲೀಟರ್. ಪೆಟ್ರೋಲಿನ ಮಸಿ ಜೆಟ್ಟಿನ ತೂತು ಕಟ್ಟಿಸುತ್ತದೆ, ಚುಚ್ಚುವ ಸೂಜಿ ಮರೆಯಬೇಡಿ.

4500 ಮೀಟರ್ ಮೇಲೆ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ. ಎಷ್ಟು ಹೊತ್ತು ಬೇಯಿಸಿದರೂ ಬೇಳೆ ಕಲ್ಲಿನಂತೇ ಇರುತ್ತದೆ, ಪೆಟ್ರೋಲು ಮಾತ್ರ ಖಾಲಿ. ಕುಕ್ಕರ್ ಹೊರುವ ಮನಸ್ಸಿಲ್ಲದಿದ್ದರೆ ನಮ್ಮ ಅವಲಕ್ಕಿಯೇ ಗತಿ, ಮತ್ತು ಅದು ಒಳ್ಳೆಯ ಗತಿ: ತಲೆಗೆ 100 ಗ್ರಾಂ ಗಟ್ಟಿ ಅವಲಕ್ಕಿ, ಬಿಸಿನೀರು, ಐದು ನಿಮಿಷ ಮುಚ್ಚಳ, ಮೇಲೆ ಗೊಜ್ಜಿನ ಪುಡಿ, ಕಡಲೇಕಾಯಿ. ಹುರಿಹಿಟ್ಟಿಗೆ ಒಲೆಯೂ ಬೇಡ. ಲಡಾಖಿಗಳು ಬಾರ್ಲಿ ಹುರಿದು ಬೀಸಿ ತ್ಸಂಪಾ ಮಾಡಿಕೊಂಡಿರುವುದೂ ಇದೇ ಕಾರಣಕ್ಕೆ, ಉರುವಲಿಲ್ಲದ ನಾಡಿನಲ್ಲಿ ಒಮ್ಮೆ ಹುರಿದಿಟ್ಟರೆ ತಿಂಗಳುಗಟ್ಟಲೆ ಊಟ.

ಟೆಂಟಿಗೆ ಜಾಗ ಹುಡುಕುವಾಗ ನಾಲಾದ ಒಣಗಿದ ಪಾತ್ರ ಸಮತಟ್ಟಾಗಿ ಕಂಡು ಕರೆಯುತ್ತದೆ, ಹೋಗಬೇಡಿ. ಮೇಲೆ ಜಲ್ಲಿ ಜಾರಿದ ಗುಡ್ಡ, ಕೆಳಗೆ ಹೊಸದಾಗಿ ಉರುಳಿದ ಕಲ್ಲು ಕಂಡರೂ ಅಷ್ಟೇ. ಮಧ್ಯಾಹ್ನ ಏಳುವ ಗಾಳಿ ಸಂಜೆವರೆಗೆ ಬಿಡುವುದಿಲ್ಲ, ಜಲ್ಲಿ ನೆಲ ಗೂಟ ಹಿಡಿಯುವುದಿಲ್ಲ. ಹಗ್ಗದ ಕೊನೆಯನ್ನು ಸಣ್ಣ ಕಲ್ಲಿಗೆ ಸುತ್ತಿ ನೆಲದಲ್ಲಿಟ್ಟು, ಅದರ ಮುಂದೆ ಹಗ್ಗದ ಮೇಲೆ ತಲೆಗಾತ್ರದ ಕಲ್ಲು ಹೇರಿ. ಗಾಳಿ ಎಳೆದಷ್ಟೂ ಸಣ್ಣದು ದೊಡ್ಡದಕ್ಕೆ ಕಚ್ಚಿಕೊಳ್ಳುತ್ತದೆ. ನದಿಯ ಬೂದುಬಣ್ಣದ ನೀರನ್ನು ನೇರ ಫಿಲ್ಟರಿಗೆ ಹಾಕಿದರೆ ಒಂದೇ ದಿನಕ್ಕೆ ಕಟ್ಟಿಕೊಳ್ಳುತ್ತದೆ. ರಾತ್ರಿ ಪಾತ್ರೆಯಲ್ಲಿ ತಿಳಿಯಾಗಲು ಬಿಟ್ಟು ಮೇಲಿನದಷ್ಟೇ ಬಸಿಯಿರಿ, ಫಿಲ್ಟರನ್ನು ಮಲಗುವ ಚೀಲದೊಳಗೆ ಇಟ್ಟುಕೊಳ್ಳಿ. ಒಳಗಿನ ನೀರು ಹೆಪ್ಪುಗಟ್ಟಿದರೆ ಅದು ಸೀಳಿದ್ದು ಕಣ್ಣಿಗೆ ಕಾಣುವುದಿಲ್ಲ. ಬಹಿರ್ದೆಸೆ ನೀರಿನಿಂದ ಎಪ್ಪತ್ತು ಹೆಜ್ಜೆ ಆಚೆ, ಕಾಗದ ವಾಪಸ್ ಚೀಲಕ್ಕೆ. ಈ ಒಣ ಚಳಿಯಲ್ಲಿ ಯಾವುದೂ ಕೊಳೆಯುವುದಿಲ್ಲ.

ಎಂಟನೇ ರಾತ್ರಿ ಗಾಟಾ ಲೂಪ್‌ಗಳ ಬುಡದಲ್ಲಿ. ಒಂಬತ್ತನೇ ದಿನ 21 ಹೇರ್‌ಪಿನ್ ತಿರುವು, ನಕೀ ಲಾ, ಆಮೇಲೆ 5000 ಮೀಟರ್ ದಾಟುವ ಲಾಚುಲುಂಗ್ ಲಾ, ಪಾಂಗ್. ಇಡೀ ದಾರಿಯಲ್ಲಿ ಇದೇ ಕಷ್ಟದ ದಿನ. ಲೂಪ್ ಹತ್ತಿದ ಮೇಲೆ ವಿಸ್ಕಿ ನಾಲಾದವರೆಗೆ ನೀರಿನ ನೆಚ್ಚಿಕೆ ಇಲ್ಲ, ತಲೆಗೆ ನಾಲ್ಕು ಲೀಟರ್ ಹೊರಬೇಕು. ತಿರುವೊಂದರಲ್ಲಿ ಸಣ್ಣ ಗುಡಿಯಂಥದ್ದಿದೆ, ಸುತ್ತ ನೀರಿನ ಬಾಟಲಿಗಳ ರಾಶಿ: ಇಲ್ಲಿ ನೀರಿಲ್ಲದೆ ಸತ್ತನೆನ್ನುವ ಲಾರಿಯವನೊಬ್ಬನ ದೆವ್ವಕ್ಕೆ ಹೋಗುವವರು ಇಟ್ಟದ್ದು. ಬಿಸಿಲಲ್ಲಿ ಕಾದ ಹಳೆಯ ನೀರು ಅದು. ದೆವ್ವಕ್ಕೇ ಇರಲಿ. ಸುಸ್ತಾದರೆ ವಿಸ್ಕಿ ನಾಲಾದಲ್ಲೇ ತಂಗಿ. ಪಾಂಗ್‌ನಲ್ಲಿ ಸೇನೆಯ ಶಿಬಿರವಿದೆ ಎಂಬ ಧೈರ್ಯಕ್ಕೆ ಕತ್ತಲಲ್ಲಿ ಇಳಿಯಬೇಡಿ.

ಪಾಂಗ್ ದಾಟಿದ ಮೇಲೆ ಸುಮಾರು 40 ಕಿ.ಮೀ. ಮೋರೆ ಬಯಲು, ಡೆಬ್ರಿಂಗ್‌ವರೆಗೆ ನೀರಿಲ್ಲ. ಚಾಂಗ್ಪಾ ಕುರಿಗಾಹಿಗಳ ಬಿಡಾರ ಕಂಡರೆ ದೂರದಲ್ಲೇ ಟೆಂಟ್ ಹಾಕಿ, ಅವರ ನಾಯಿಗಳು ಸೈಕಲ್ ಮೆಚ್ಚುವುದಿಲ್ಲ. ಹನ್ನೊಂದನೇ ದಿನ 5328 ಮೀಟರ್‌ನ ಟಾಂಗ್ಲಾಂಗ್ ಲಾ. ಅಲ್ಲಿಂದ ರುಮ್ತ್ಸೆ, ಲಾತೋ, ಮರುದಿನ ಉಪ್ಶಿಯಲ್ಲಿ ಸಿಂಧೂ ನದಿ, ಲೇಹ್.

ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖಿನಲ್ಲಿ ನಡೆಯುವುದಿಲ್ಲ; ಆರರಲ್ಲಿ ಇಬ್ಬರ ಬಳಿಯಾದರೂ ಬೇರೆಬೇರೆ ಕಂಪನಿಯ ಪೋಸ್ಟ್‌ಪೇಯ್ಡ್ ಇರಲಿ. ವಿದೇಶದಿಂದ ಬರುವ ಗೆಳೆಯರು ಸ್ಯಾಟಲೈಟ್ ಫೋನು ಅಥವಾ ಆ ಬಗೆಯ ಮೆಸೆಂಜರ್ ತಂದರೆ ಬೇಡವೆನ್ನಿ, ಅನುಮತಿ ಇಲ್ಲದೆ ಇಟ್ಟುಕೊಂಡರೆ ಕೇಸಾಗುತ್ತದೆ. ಲೇಹ್‌ನಲ್ಲಿ ಮೊದಲ ಕೆಲಸ ಪೆಟ್ರೋಲ್ ಬಾಟಲಿ. ವಾಸನೆ ಇದ್ದರೆ ವಿಮಾನಕ್ಕೆ ಬಿಡುವುದಿಲ್ಲ, ಸೋಪಿನ ನೀರಲ್ಲಿ ಎಷ್ಟು ತೊಳೆದರೂ ಅದು ಪೂರ್ತಿ ಹೋಗುವುದಿಲ್ಲ. ಬಾಟಲಿಯನ್ನು ಅಲ್ಲೇ ಯಾರಿಗಾದರೂ ಕೊಟ್ಟುಬಿಡಿ, ಒಲೆಯನ್ನು ಬಿಚ್ಚಿ ಎರಡು ದಿನ ಬಿಸಿಲಿಗಿಡಿ.