‘ಪೀಟರ್ ಗೇಬ್ರಿಯಲ್’ ಎಂದಷ್ಟೇ ಬರೆದ ಚೀಟಿ ಯಾವ ಆಲ್ಬಂಗೆ?

ಕಾಸರಗೋಡಿನ ಬದಿಯಡ್ಕ, ನೀರ್ಚಾಲು ಕಡೆ ಪ್ರೋಗ್ ರಾಕ್ (ಪ್ರೋಗ್ರೆಸಿವ್ ರಾಕ್ ಸಂಗೀತ) ಕೇಳುವ ಹತ್ತು ಹನ್ನೆರಡು ಮಂದಿ ಸೇರಿ, ಬ್ಯಾಂಡಿನವರು ಒಬ್ಬೊಬ್ಬರಾಗಿ ತಂದ ಸೋಲೋ ಆಲ್ಬಂಗಳಿಗೆ ಓಟು ಹಾಕುವುದಾದರೆ ಮೊದಲ ತಕರಾರು ಹೆಸರಿನದ್ದೇ. ಜೆನೆಸಿಸ್ ಬ್ಯಾಂಡ್ ಬಿಟ್ಟ ಹಾಡುಗಾರ ಪೀಟರ್ ಗೇಬ್ರಿಯಲ್ 1977, 1978, 1980, 1982ರಲ್ಲಿ ತಂದ ನಾಲ್ಕೂ ಆಲ್ಬಂಗಳ ಹೆಸರು ‘ಪೀಟರ್ ಗೇಬ್ರಿಯಲ್’. ಅಭಿಮಾನಿಗಳು ಕಾರ್, ಸ್ಕ್ರ್ಯಾಚ್, ಮೆಲ್ಟ್, ಸೆಕ್ಯುರಿಟಿ ಎಂದು ಗುರುತಿಸುತ್ತಾರೆ. ಚೀಟಿಯಲ್ಲಿ ಬರೀ ಹೆಸರಿದ್ದರೆ ಓಟು ಯಾವುದಕ್ಕೆಂದು ತಿಳಿಯದು. ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಮಲಯಾಳದಲ್ಲಿ ಬರೆದರೆ ಎಣಿಸುವವರ ಪಾಡು ಕೇಳಬೇಡಿ. ಪ್ರತಿ ಆಲ್ಬಂಗೂ ನಂಬ್ರ ಕೊಡಿ, ಚೀಟಿಯಲ್ಲಿ ನಂಬ್ರ ಮಾತ್ರ ಇರಲಿ.

ಒಬ್ಬರಿಗೆ ಒಂದೇ ಓಟು ಬೇಡ. ಮೂರು ಆಲ್ಬಂ ಬರೆಸಿ 3, 2, 1 ಅಂಕ ಕೊಡಿ. 12 ಮಂದಿಯಲ್ಲಿ 5 ಮಂದಿ ಗೇಬ್ರಿಯಲ್‌ನ ‘ಸೋ’ (1986), 4 ಮಂದಿ ಜೆನೆಸಿಸ್‌ನ ಗಿಟಾರ್ ವಾದಕ ಸ್ಟೀವ್ ಹ್ಯಾಕೆಟ್‌ನ ‘ವಾಯೇಜ್ ಆಫ್ ದಿ ಅಕೊಲೈಟ್’ (1975), 3 ಮಂದಿ ಯೆಸ್ ಬ್ಯಾಂಡಿನ ಬೇಸ್ ಗಿಟಾರ್ ವಾದಕ ಕ್ರಿಸ್ ಸ್ಕ್ವೈರ್‌ನ ‘ಫಿಶ್ ಔಟ್ ಆಫ್ ವಾಟರ್’ (1975) ಅನ್ನು ಮೊದಲಿಗಿಟ್ಟರು ಅನ್ನಿ. ಒಂದೇ ಓಟಾದರೆ ‘ಸೋ’ ಗೆದ್ದಿತು. ಆದರೆ ಹ್ಯಾಕೆಟ್‌ಗೆ 6 ಮಂದಿಯ ಎರಡನೇ ಸ್ಥಾನ ಸಿಕ್ಕರೆ 12+12=24; ‘ಸೋ’ಗೆ 4 ಮಂದಿ ಮೂರನೇ ಸ್ಥಾನ ಕೊಟ್ಟರೂ 15+4=19. ಹೆಚ್ಚು ಮಂದಿಗೆ ಹಿಡಿಸಿದ್ದು ಯಾವುದೆಂದು ಆಗ ಗೊತ್ತಾಗುತ್ತದೆ.

ಓಟಿಗೆ ಮೊದಲು ಹಾಡು ಕೇಳಿಸುವುದರಲ್ಲೇ ನಿಜವಾದ ಮೋಸ ಆಗುವುದು. ಫೋನಿನ ಸ್ಪೀಕರಿನಲ್ಲಿ ಸ್ಕ್ವೈರ್ ಸೋತಂತೆಯೇ. ಆ ಆಲ್ಬಂನ ಜೀವ ಬೇಸ್ ಗಿಟಾರ್, ಅದೇ ಕೇಳಿಸದಿದ್ದರೆ ಉಳಿದದ್ದೇನು? ಶೀಟು ಹೊದೆಸಿದ ಮಾಡಿನ ಮೇಲೆ ಆಟಿ ಮಳೆ ಬಿದ್ದರಂತೂ ‘ಹ್ಯಾಂಡ್ಸ್ ಆಫ್ ದಿ ಪ್ರೀಸ್ಟೆಸ್’ನಲ್ಲಿ ಹ್ಯಾಕೆಟ್‌ನ ತಮ್ಮ ಜಾನ್ ನುಡಿಸಿದ ಕೊಳಲು ಪೂರ್ತಿ ಮುಳುಗುತ್ತದೆ. ಹೊಸ ರೀಮಾಸ್ಟರ್ (ಹಳೆ ಧ್ವನಿಮುದ್ರಣವನ್ನು ಮತ್ತೆ ಹದಗೊಳಿಸಿದ ಆವೃತ್ತಿ) ಜೋರಾಗಿರುತ್ತದೆ, ಜೋರಾದದ್ದೇ ಚಂದ ಅನ್ನಿಸುತ್ತದೆ. ಪ್ರತಿ ಹಾಡಿಗೂ ವಾಲ್ಯೂಮ್ ಸರಿಹೊಂದಿಸಿ. ಒಂದೊಂದು ಆಲ್ಬಂನಿಂದ ಎರಡು ಹಾಡು ಸಾಕು.

ಯೆಸ್‌ನ ಹಾಡುಗಾರ ಜಾನ್ ಆಂಡರ್ಸನ್‌ನ ‘ಓಲಿಯಾಸ್ ಆಫ್ ಸನ್‌ಹಿಲೋ’ (1976) ಮಾತ್ರ ಇದಕ್ಕೆ ಹೊರತು, ತುಂಡು ಮಾಡಿದರೆ ಅರ್ಥವಾಗದು, ಇಡೀ ಕೇಳಿಸಿ. ಹಾಡೂ ಅವನದೇ, ವಾದ್ಯಗಳೂ ಅವನವೇ: ಭಾಗವತರೇ ಚೆಂಡೆ, ಮದ್ದಳೆ, ಚಕ್ರತಾಳ ಎಲ್ಲ ಹಿಡಿದ ಹಾಗೆ.

ಜೆನೆಸಿಸ್‌ನ ಫಿಲ್ ಕಾಲಿನ್ಸ್ ಡ್ರಮ್ಸ್ ಬಾರಿಸಿದ ಬ್ರ್ಯಾಂಡ್ ಎಕ್ಸ್ ಬೇರೆಯೇ ಬ್ಯಾಂಡು, ಪಟ್ಟಿಗೆ ಸೇರಿಸಬೇಡಿ. ಅವನ ‘ಫೇಸ್ ವ್ಯಾಲ್ಯೂ’ (1981) ಸೇರಲಿ, ಪಾಪ್ ಎಂದು ಗೊಣಗುವವರು ಗೊಣಗಲಿ. ಅಂಕ ಸಮವಾದರೆ ಮೊದಲ ಸ್ಥಾನ ಹೆಚ್ಚು ಪಡೆದದ್ದು ಮೇಲೆ. ಈ ನಿಯಮವನ್ನು ಚೀಟಿ ಹಂಚುವ ಮೊದಲೇ ಹೇಳಿಬಿಡಿ, ಎಣಿಸಿದ ಮೇಲೆ ಹೇಳಿದರೆ ಯಾರೂ ಒಪ್ಪುವುದಿಲ್ಲ.